ಬಿಸಿಲಿನಿಂದ ಕರೆಂಟು: ಕನ್ನಡಿಯೋ, ಪ್ಯಾನೆಲ್ಲೋ? ಧಾರವಾಡ, ಗದಗ, ಹಾವೇರಿಯವರಿಗೊಂದು ಲೆಕ್ಕ

ಮಾರ್ಚ್ ಬಂತೆಂದರೆ ರೋಣ, ನರಗುಂದ, ಗದಗದ ಕಡೆ ಮಧ್ಯಾಹ್ನ ಹೊರಗೆ ಕಾಲಿಡುವುದು ಕಷ್ಟ. ಅದೇ ಹೊತ್ತಿನಲ್ಲಿ ನಮ್ಮ ಮನೆಯ ಫ್ಯಾನು ತಿರುಗಲಿ ಎಂದು ಕೂಡಗಿ, ರಾಯಚೂರು, ಬಳ್ಳಾರಿಯ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ. ಕೂಡಗಿಯದು 2,400 ಮೆಗಾವ್ಯಾಟ್, ರಾಯಚೂರಿನದು 1,720, ಬಳ್ಳಾರಿಯದು 1,700. ಈ ಕಲ್ಲಿದ್ದಲು ನಮ್ಮ ನೆಲದಲ್ಲಿ ಸಿಗುವುದಿಲ್ಲ. ಒಡಿಶಾ, ತೆಲಂಗಾಣ, ಮಹಾರಾಷ್ಟ್ರದ ಗಣಿಗಳಿಂದ ರೈಲಿನಲ್ಲಿ ಬರಬೇಕು. ಒಂದು ಯುನಿಟ್ ಕರೆಂಟಿಗೆ ಅರ್ಧ ಕಿಲೋಗಿಂತ ಜಾಸ್ತಿ ಕಲ್ಲಿದ್ದಲು ಸುಡುತ್ತದೆ. ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಒಂದು ಕಿಲೋ.

"ಇಷ್ಟು ಬಿಸಿಲಿರುವಾಗ ಕಲ್ಲಿದ್ದಲು ಯಾಕ್ರೀ?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಹೇಳುವಾಗ ಹೆಚ್ಚಿನವರು ‘ಸೋಲಾರ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಬಿಸಿಲಿನಿಂದ ಕರೆಂಟು ತೆಗೆಯಲು ಎರಡು ದಾರಿಗಳಿವೆ. ಅವು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಯಾವ ಊರಿಗೆ ಯಾವುದು, ಹಗಲಿಗೆ ಯಾವುದು, ರಾತ್ರಿಗೆ ಯಾವುದು ಎಂದು ನೋಡದೆ ಆರಿಸಿದರೆ ದುಡ್ಡೂ ಹೋಗುತ್ತದೆ, ಕಲ್ಲಿದ್ದಲೂ ಉರಿಯುತ್ತಲೇ ಇರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡಿ ಇಟ್ಟು, ಉಗಿ ಎಬ್ಬಿಸಿ ಕರೆಂಟು ತೆಗೆಯುವ ಸೌರ ಉಷ್ಣ ಸ್ಥಾವರ ಮರುಭೂಮಿಗೆ ಒಳ್ಳೆಯದು, ಅದರಲ್ಲೂ ರಾತ್ರಿ ಕರೆಂಟಿಗೆ. ನಮ್ಮ ಈ ಮೂರು ಜಿಲ್ಲೆಗೆ ಕರೆಂಟು ಬೇಕೆಂದರೆ ಪ್ಯಾನೆಲ್, ಗಾಳಿ, ಅಣೆಕಟ್ಟಿನ ನೀರು ಮೂರೂ ಸೇರಬೇಕು. ಬಿಸಿಲಿನ ಕಾವನ್ನು ನಾವು ಕಾವಾಗಿಯೇ ಬಳಸಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಎರಡು ದಾರಿ

ಪ್ಯಾನೆಲ್ ನಮಗೆಲ್ಲ ಗೊತ್ತು. ಸಿಲಿಕಾನ್ ಹಾಳೆಯ ಮೇಲೆ ಬೆಳಕು ಬಿದ್ದರೆ ನೇರವಾಗಿ ಕರೆಂಟು ಹುಟ್ಟುತ್ತದೆ. ತಿರುಗುವ ಭಾಗ ಇಲ್ಲ, ನೀರು ಕುದಿಯುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಬಿಸಿ ಏರಿದರೆ ಅದರ ಕೆಲಸ ಕುಗ್ಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.35ರಿಂದ 0.4 ಶೇಕಡಾ ಕಡಿಮೆ. ಏಪ್ರಿಲ್ ಮಧ್ಯಾಹ್ನ ಗದಗದ ತಾರಸಿಯ ಮೇಲೆ ಪ್ಯಾನೆಲ್ 60 ಡಿಗ್ರಿ ದಾಟಿರುತ್ತದೆ, ಅಂದರೆ ಶೇಕಡಾ 12ರಿಂದ 14 ಹೋಯಿತು. ಧಾರವಾಡದ ಜನವರಿಯ ತಂಪು ಹಗಲು, ಸ್ವಚ್ಛ ಬಾನು, ಇದು ಪ್ಯಾನೆಲ್ಲಿಗೆ ಹಬ್ಬ.

ಸೌರ ಉಷ್ಣ ಸ್ಥಾವರ ಅರ್ಧ ಕಲ್ಲಿದ್ದಲು ಸ್ಥಾವರವೇ. ಉಗಿ, ಟರ್ಬೈನ್, ಜನರೇಟರ್ ಎಲ್ಲ ಹಾಗೇ ಇರುತ್ತವೆ. ಒಲೆಯಲ್ಲಿ ಕಲ್ಲಿದ್ದಲಿನ ಬದಲು ಬಿಸಿಲು. ಉದ್ದಕ್ಕೆ ಬಾಗಿಸಿದ ಕನ್ನಡಿ ಸಾಲುಗಳ ನಡುವೆ ಒಂದು ಕೊಳವೆ ಹಾಯಿಸಿ, ಅದರೊಳಗಿನ ಎಣ್ಣೆಯನ್ನು 390 ಡಿಗ್ರಿಯವರೆಗೆ ಕಾಯಿಸುತ್ತಾರೆ. ಇಲ್ಲವೇ ಸಾವಿರಾರು ಕನ್ನಡಿಗಳನ್ನು ನೆಲದ ಮೇಲೆ ನಿಲ್ಲಿಸಿ, ಎಲ್ಲದರ ಬೆಳಕನ್ನು ನಡುವಿನ ಗೋಪುರದ ತುದಿಗೆ ತಿರುಗಿಸುತ್ತಾರೆ. ಅಲ್ಲಿ 565 ಡಿಗ್ರಿಯವರೆಗೆ ಹೋಗಬಹುದು. ಇದು ಹೊಸ ವಿದ್ಯೆಯೂ ಅಲ್ಲ. 1913ರಲ್ಲೇ ಫ್ರ್ಯಾಂಕ್ ಶುಮನ್ ಎಂಬ ಅಮೆರಿಕದ ಎಂಜಿನಿಯರ್ ಈಜಿಪ್ಟಿನ ಮಾಡಿ ಎಂಬ ಊರಲ್ಲಿ ಇಂಥ ಬಾಗಿದ ಕನ್ನಡಿಗಳಿಂದ ಉಗಿ ಎಬ್ಬಿಸಿ ನೈಲ್ ನದಿಯ ನೀರನ್ನು ಹೊಲಕ್ಕೆ ಎತ್ತಿಸಿದ್ದ. ಆಮೇಲೆ ಮಹಾಯುದ್ಧ ಬಂತು, ಅಗ್ಗದ ಎಣ್ಣೆ ಬಂತು, ಆ ಕೆಲಸ ಅಲ್ಲಿಗೇ ನಿಂತಿತು. ಮತ್ತೆ ದೊಡ್ಡದಾಗಿ ಶುರುವಾದದ್ದು 1984ರಿಂದ, ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ. ಅಲ್ಲಿ ಹಂತ ಹಂತವಾಗಿ ಕಟ್ಟಿದ ಸ್ಥಾವರಗಳು ಒಟ್ಟು 354 ಮೆಗಾವ್ಯಾಟ್ ಆದವು.

ಈ ವಿದ್ಯೆಯ ನಿಜವಾದ ಬಲ ಉಪ್ಪಿನ ತೊಟ್ಟಿಯಲ್ಲಿದೆ. ಹಗಲು ಕಾಯಿಸಿದ ಕಾವನ್ನು ಕರಗಿದ ಉಪ್ಪಿನಲ್ಲಿ ತುಂಬಿಟ್ಟು, ಕತ್ತಲಾದ ಮೇಲೆ ಆ ಕಾವಿನಿಂದ ಉಗಿ ಎಬ್ಬಿಸುತ್ತಾರೆ. ಅಡುಗೆ ಉಪ್ಪಲ್ಲ. ಸೋಡಿಯಂ ನೈಟ್ರೇಟ್ 60 ಪಾಲು, ಪೊಟ್ಯಾಶಿಯಂ ನೈಟ್ರೇಟ್ 40 ಪಾಲು. ಎರಡನೆಯದು ನಮ್ಮ ರೈತರಿಗೆ ಹೊಸದಲ್ಲ. ಮೆಣಸಿನಕಾಯಿಗೆ, ದ್ರಾಕ್ಷಿಗೆ ಡ್ರಿಪ್‌ನಲ್ಲಿ ಬಿಡುವ 13-0-45 ಗೊಬ್ಬರ ಅದೇ. ಸ್ಪೇನಿನ ಆಂಡಸೋಲ್‌ನಲ್ಲಿ 50 ಮೆಗಾವ್ಯಾಟಿನ ಒಂದು ಘಟಕಕ್ಕೆ 28,500 ಟನ್ ಉಪ್ಪು ತುಂಬಿದ್ದಾರೆ. ಅದರಿಂದ ಸೂರ್ಯ ಮುಳುಗಿದ ಮೇಲೆ ಏಳೂವರೆ ಗಂಟೆ ಟರ್ಬೈನ್ ಓಡುತ್ತದೆ. ಒಂದು ಎಚ್ಚರ ಇದ್ದೇ ಇದೆ: ಸುಮಾರು 240 ಡಿಗ್ರಿಗಿಂತ ಕೆಳಗೆ ಇಳಿದರೆ ಉಪ್ಪು ಗಟ್ಟಿಯಾಗಲು ಶುರುವಾಗುತ್ತದೆ. ಕೊಳವೆಯೊಳಗೇ ಗಟ್ಟಿಯಾದರೆ ಬಿಡಿಸುವುದು ದೊಡ್ಡ ಕೆಲಸ. ಹಾಗಾಗಿ ‘ತಣ್ಣನೆಯ’ ತೊಟ್ಟಿಯನ್ನೂ 290 ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ.

ಮೊದಲ ಪರೀಕ್ಷೆ: ನೆರಳು

ಕನ್ನಡಿ ಸ್ಥಾವರ ನಿಮ್ಮ ಊರಿಗೆ ಸರಿಯೇ ಎಂದು ತಿಳಿಯಲು ಯಂತ್ರವೇ ಬೇಕಿಲ್ಲ. ಬಯಲಲ್ಲಿ ನಿಂತು ನಿಮ್ಮ ನೆರಳು ನೋಡಿ. ಅಂಚು ಚೂಪಾಗಿ, ಕಪ್ಪಾಗಿ ಬಿದ್ದಿದ್ದರೆ ಕನ್ನಡಿ ಕೆಲಸ ಮಾಡುತ್ತದೆ. ನೆರಳು ಮಸುಕಾಗಿದ್ದರೆ ಅರ್ಧಂಬರ್ಧ. ನೆರಳೇ ಇಲ್ಲದಿದ್ದರೆ ಸೊನ್ನೆ. ಕನ್ನಡಿ ಒಂದೆಡೆಗೆ ಕೂಡಿಸಬಲ್ಲದ್ದು ಸೂರ್ಯನಿಂದ ನೇರ ಬರುವ ಬೆಳಕನ್ನು ಮಾತ್ರ. ಮೋಡ, ಮಂಜು, ಧೂಳಿನಲ್ಲಿ ಚದುರಿ ಬಂದ ಬೆಳಕನ್ನು ಯಾವ ಕನ್ನಡಿಯಿಂದಲೂ ಕೂಡಿಸಲು ಆಗುವುದಿಲ್ಲ. ಪ್ಯಾನೆಲ್ ಹಾಗಲ್ಲ. ಮೋಡದ ದಿನವೂ ಒಂದಷ್ಟು ಕರೆಂಟು ಕೊಡುತ್ತಲೇ ಇರುತ್ತದೆ.

ಈಗ ನಮ್ಮ ವರ್ಷವನ್ನು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡ, ಕಲಘಟಗಿ, ಹಾನಗಲ್, ಶಿಗ್ಗಾವಿ ಕಡೆ ಬಾನು ಮುಚ್ಚಿಯೇ ಇರುತ್ತದೆ. ಆಷಾಢದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಒಗೆದ ಬಟ್ಟೆ ಒಣಗುವುದಿಲ್ಲ. ಗದಗ, ರೋಣದ ಕಡೆ ಮಳೆ ಕಡಿಮೆ ಇರಬಹುದು, ಮೋಡಕ್ಕೇನೂ ಕಡಿಮೆ ಇಲ್ಲ. ಅಂದರೆ ವರ್ಷದ ಮೂರನೇ ಒಂದು ಪಾಲು ಕನ್ನಡಿಗಳು ಸುಮ್ನೆ ಆಕಾಶ ನೋಡುತ್ತಾ ನಿಲ್ಲಬೇಕು. ಕೋಟಿಗಟ್ಟಲೆ ಸುರಿದ ಟರ್ಬೈನ್ ಕೂಡ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಬಯಸುವುದು ಚದರ ಮೀಟರಿಗೆ ವರ್ಷಕ್ಕೆ 2,000 ಯುನಿಟ್‌ನಷ್ಟು ನೇರ ಬಿಸಿಲು. ಮೊರಾಕ್ಕೋದ ವಾರ್ಜಾಜಾತ್‌ನಲ್ಲಿ ಅದು 2,500ರ ಆಸುಪಾಸು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರ ಬರುವುದು ರಾಜಸ್ಥಾನದ ಪಶ್ಚಿಮ ಭಾಗ, ಕಚ್‌ನ ಕಡೆ. ಅಲ್ಲಿಯೂ ಧೂಳಿನ ಕಾಟದಿಂದ, ಕಾಗದದ ಮೇಲೆ ಅಂದಾಜು ಮಾಡಿದ್ದಕ್ಕಿಂತ ಕಡಿಮೆ ನೇರ ಬಿಸಿಲು ನೆಲಕ್ಕೆ ಬಂತು. ಹೀಗಿರುವಾಗ ‘ಬಿಸಿಲಿನ ನಾಡು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚರ್ಮ ಸುಡುವ ಬಿಸಿಲು ಬೇರೆ, ವರ್ಷವಿಡೀ ಮೋಡವಿಲ್ಲದ ಬಿಸಿಲು ಬೇರೆ.

ದುಡ್ಡಿನ ಲೆಕ್ಕ

ಇಲ್ಲಿ ಒಂದು ಹರಾಜಿನ ಕತೆಯೇ ಸಾಕು. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾಯಿತು. ಮೊದಲ ಸುತ್ತಿನಲ್ಲಿ ಎರಡೂ ದಾರಿಗೆ ಹರಾಜು ಕರೆದರು. ಕನ್ನಡಿ ಸ್ಥಾವರದವರು ಯುನಿಟ್ಟಿಗೆ 10.49ರಿಂದ 12.24 ರೂಪಾಯಿ ಕೇಳಿದರು. ಪ್ಯಾನೆಲ್‌ನವರು ಕೇಳಿದ್ದು 10.95ರಿಂದ 12.76. ಆ ದಿನ ಕನ್ನಡಿಯೇ ಒಂದು ಕೂದಲಷ್ಟು ಅಗ್ಗ! ಕನ್ನಡಿಗೆ 7 ಯೋಜನೆ, 470 ಮೆಗಾವ್ಯಾಟ್ ಹಂಚಿಕೆಯಾಯಿತು.

ಮುಂದೆ ಏನಾಯಿತು? ಆ ಏಳರಲ್ಲಿ ಕಟ್ಟಿ ಓಡಿಸಿದ್ದು ಬೆರಳೆಣಿಕೆಯಷ್ಟು: ರಾಜಸ್ಥಾನದ ನೋಖ್‌ನಲ್ಲಿ 50 ಮೆಗಾವ್ಯಾಟ್, ಧುರ್ಸರ್‌ನಲ್ಲಿ 125, ನಮ್ಮ ಪಕ್ಕದ ಅನಂತಪುರದಲ್ಲಿ 50. ಅದೇ ಹೊತ್ತಿನಲ್ಲಿ ಪ್ಯಾನೆಲ್ಲಿನ ದರ ಇಳಿಯುತ್ತಾ ಹೋಯಿತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿ. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1.99. ಹತ್ತು ವರ್ಷದಲ್ಲಿ ಹನ್ನೊಂದು ರೂಪಾಯಿಯದು ಎರಡು ರೂಪಾಯಿಗೆ ಬಂತು.

ಕಾರಣ ಕಷ್ಟದ್ದೇನಲ್ಲ. ಪ್ಯಾನೆಲ್ ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ಒಂದೇ ಥರ ತಯಾರಾಗುವ ವಸ್ತು. ಪ್ರತಿ ವರ್ಷ ಕೈ ಪಳಗುತ್ತದೆ, ಬೆಲೆ ಇಳಿಯುತ್ತದೆ. ಕನ್ನಡಿ ಸ್ಥಾವರವನ್ನು ಪ್ರತಿ ಊರಲ್ಲೂ ಹೊಸದಾಗಿ ಕಟ್ಟಬೇಕು. ಅಡಿಪಾಯ, ಉಕ್ಕಿನ ಚೌಕಟ್ಟು, ಪಂಪು, ತೊಟ್ಟಿ, ಕೊಳವೆ, ಬೆಸುಗೆ, ಎಲ್ಲ ಸ್ಥಳದಲ್ಲೇ ಆಗಬೇಕಾದ ಕೆಲಸ. ಅದರ ದರವೂ ಇಳಿದಿದೆ, ಇಲ್ಲವೆನ್ನಲಾಗದು. 2010ರಿಂದ 2023ರ ನಡುವೆ ಜಗತ್ತಿನ ಲೆಕ್ಕದಲ್ಲಿ ಸುಮಾರು ಶೇಕಡಾ 70 ಇಳಿಯಿತು. ಆದರೆ ಪ್ಯಾನೆಲ್ ಕರೆಂಟು ಶೇಕಡಾ 90 ಇಳಿದುಬಿಟ್ಟಿತು. ಹಗಲು ಕರೆಂಟಿಗೆ ಇವತ್ತು ಇವೆರಡರ ನಡುವೆ ಪೈಪೋಟಿಯೇ ಉಳಿದಿಲ್ಲ.

ಹಾಗಾದರೆ ಕನ್ನಡಿಯನ್ನು ಬಿಟ್ಟೇಬಿಡಬೇಕಾ?

ಇಲ್ಲ. ಕಲ್ಲಿದ್ದಲನ್ನು ತೆಗೆದು ಆ ಜಾಗದಲ್ಲಿ ಏನಾದರೂ ಇಡಬೇಕು ಎನ್ನುವಾಗ, ಕಲ್ಲಿದ್ದಲು ರಾತ್ರಿ ಹನ್ನೆರಡಕ್ಕೂ ಕರೆಂಟು ಕೊಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬರೀ ಪ್ಯಾನೆಲ್ ಸಂಜೆ ಆರಕ್ಕೆ ಕೈ ಎತ್ತುತ್ತದೆ. ನಮ್ಮಲ್ಲಿ ಮನೆಗಳ ಬೇಡಿಕೆ ಏರುವುದೇ ಆಗ. ದೀಪ, ಟಿವಿ, ಫ್ಯಾನು, ಮಿಕ್ಸರ್, ಬೇಸಿಗೆಯಲ್ಲಿ ಎಸಿ.

ಸ್ಪೇನಿನ ಸೆವಿಲ್ ಹತ್ತಿರದ ಜೆಮಸೋಲಾರ್ ನೋಡಿ. 2011ರಲ್ಲಿ ಶುರುವಾದ, 20 ಮೆಗಾವ್ಯಾಟ್‌ಗೂ ಒಂದು ಚೂರು ಕಡಿಮೆಯ ಸಣ್ಣ ಸ್ಥಾವರ. ಆದರೆ 15 ಗಂಟೆಗಾಗುವಷ್ಟು ಉಪ್ಪು ಇದೆ. 2013ರ ಬೇಸಿಗೆಯಲ್ಲಿ ಅದು ಸತತ 36 ದಿನ ಹಗಲು ರಾತ್ರಿ ನಿಲ್ಲದೆ ಕರೆಂಟು ಕೊಟ್ಟಿತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಭರವಸೆ ಕೊಟ್ಟದ್ದು ಇದೇ. ಬರೀ ಬಿಸಿಲು, ನಡುರಾತ್ರಿಯಲ್ಲೂ! ದುಬೈನವರು ಇನ್ನೂ ದೊಡ್ಡದಾಗಿ ಮಾಡಿದರು. 262 ಮೀಟರ್ ಎತ್ತರದ ಗೋಪುರ, 700 ಮೆಗಾವ್ಯಾಟ್ ಕನ್ನಡಿ, ಅದರ ಜತೆಗೇ 250 ಮೆಗಾವ್ಯಾಟ್ ಪ್ಯಾನೆಲ್. ಹಗಲು ಪ್ಯಾನೆಲ್ ಓಡಲಿ, ರಾತ್ರಿಗೆ ಉಪ್ಪು ಇರಲಿ ಎಂಬ ಜಾಣ ಜೋಡಿ ಅದು. ಒಪ್ಪಂದದ ದರ ಯುನಿಟ್ಟಿಗೆ 7.3 ಅಮೆರಿಕನ್ ಸೆಂಟ್. ಮೊರಾಕ್ಕೋದಲ್ಲಿ ನೂರ್ ಎಂಬ ಹೆಸರಿನ ಸೌರ ಸ್ಥಾವರಗಳ ಗುಂಪಿನಲ್ಲೂ ಹೀಗೇ, ಮೂರು ಕನ್ನಡಿ ಸ್ಥಾವರಗಳ ಪಕ್ಕದಲ್ಲಿ ಒಂದು ಪ್ಯಾನೆಲ್ ಸ್ಥಾವರ ಇದೆ.

ಇನ್ನೊಂದು ಗುಣವನ್ನೂ ಹೇಳಬೇಕು. ಟರ್ಬೈನ್ ಭಾರಿ ತೂಕದ ತಿರುಗುವ ಯಂತ್ರ. ಗ್ರಿಡ್‌ನಲ್ಲಿ ಎಲ್ಲೋ ಒಂದು ಲೈನ್ ಟ್ರಿಪ್ ಆದಾಗ ಅದರ ತಿರುಗುವ ವೇಗವೇ ಕೆಲವು ಸೆಕೆಂಡು ಗ್ರಿಡ್ಡನ್ನು ಹಿಡಿದು ನಿಲ್ಲಿಸುತ್ತದೆ. ಪ್ಯಾನೆಲ್ಲಿಗೆ ಆ ಗುಣ ತಾನಾಗಿ ಬರುವುದಿಲ್ಲ. ಅದಕ್ಕೆಂದೇ ಮಾಡಿದ ಇನ್ವರ್ಟರ್, ಬ್ಯಾಟರಿ ಬೇಕು.

ಆದರೆ ಎಡವಿದ್ದೂ ಇದೆ. ಅಮೆರಿಕದ ನೆವಾಡಾದಲ್ಲಿ ಕ್ರೆಸೆಂಟ್ ಡ್ಯೂನ್ಸ್ ಎಂಬ 110 ಮೆಗಾವ್ಯಾಟ್ ಸ್ಥಾವರದ ಬಿಸಿ ಉಪ್ಪಿನ ತೊಟ್ಟಿ 2016ರಲ್ಲಿ ಸೋರಿ ತಿಂಗಳುಗಟ್ಟಲೆ ನಿಂತಿತು. 2019ರಲ್ಲಿ ಕರೆಂಟು ಕೊಳ್ಳುವವರೇ ಒಪ್ಪಂದ ಮುರಿದರು. ಮೊರಾಕ್ಕೋದ ನೂರ್ ಮೂರನೇ ಸ್ಥಾವರದಲ್ಲೂ 2024ರಲ್ಲಿ ಉಪ್ಪಿನ ತೊಟ್ಟಿ ಸೋರಿತು. ಪ್ಯಾನೆಲ್ ಹೊಲದಲ್ಲಿ ಹತ್ತು ಪ್ಯಾನೆಲ್ ಕೆಟ್ಟರೆ ಉಳಿದವು ಓಡುತ್ತಿರುತ್ತವೆ. ಕನ್ನಡಿ ಸ್ಥಾವರದಲ್ಲಿ ಒಂದು ತೊಟ್ಟಿ ಕೆಟ್ಟರೆ ಎಲ್ಲವೂ ನಿಂತಿತು.

ನಮ್ಮ ರಾತ್ರಿಗೆ ನಮ್ಮ ಹತ್ತಿರ ಏನಿದೆ?

ರಾತ್ರಿಗೆ ಆಗುವ ಎರಡು ಆಸ್ತಿ ನಮಗೆ ಈಗಾಗಲೇ ಇವೆ. ಈ ಲೆಕ್ಕವನ್ನೇ ಜನ ಬಿಟ್ಟುಬಿಡುತ್ತಾರೆ.

ಮೊದಲನೆಯದು ಗಾಳಿ. ಗಜೇಂದ್ರಗಡ, ಮುಂಡರಗಿ, ಕಪ್ಪತಗುಡ್ಡದ ಸುತ್ತಮುತ್ತ ಓಡಾಡಿದವರಿಗೆ ಗಾಳಿ ಯಂತ್ರಗಳ ಸಾಲು ಗೊತ್ತು. ಆ ಗಾಳಿ ಜೋರಾಗುವುದು ಯಾವಾಗ? ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಬಿಸಿಲು ಕೈಕೊಡುವ ತಿಂಗಳುಗಳಲ್ಲೇ. ಕನ್ನಡಿ ಸ್ಥಾವರದ ಉಪ್ಪು ಒಂದು ರಾತ್ರಿ ದಾಟಿಸಬಹುದು, ನಾಲ್ಕು ತಿಂಗಳ ಮೋಡವನ್ನು ದಾಟಿಸಲಾರದು. ಗಾಳಿ ಅದನ್ನು ಮಾಡುತ್ತದೆ, ರಾತ್ರಿಯೂ ಬೀಸುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಔಷಧಿ ಗಿಡಗಳ ಆ ಗುಡ್ಡವನ್ನು ಮುಟ್ಟದೆಯೂ ಗದಗ ಜಿಲ್ಲೆಯಲ್ಲಿ ಗಾಳಿಗೆ ಜಾಗ ಇದೆ.

ಎರಡನೆಯದು ಅಣೆಕಟ್ಟು. ಶರಾವತಿಯ 1,035 ಮೆಗಾವ್ಯಾಟ್, ಕಾಳಿಯ ನಾಗಝರಿ. ಇವುಗಳನ್ನು ಬೇಕಾದಾಗ ಕೆಲವೇ ನಿಮಿಷದಲ್ಲಿ ಓಡಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ಹಗಲೆಲ್ಲ ಪ್ಯಾನೆಲ್ ಓಡಿದರೆ ಅಷ್ಟು ನೀರು ಲಿಂಗನಮಕ್ಕಿಯಲ್ಲಿ, ಸೂಪಾದಲ್ಲಿ ಉಳಿಯುತ್ತದೆ. ಸಂಜೆ ಅದನ್ನೇ ಬಿಟ್ಟರಾಯಿತು. ಹೊಸದಾಗಿ ಉಪ್ಪಿನ ತೊಟ್ಟಿ ಕಟ್ಟುವ ಮೊದಲು ಈಗಾಗಲೇ ಕಟ್ಟಿರುವ ಅಣೆಕಟ್ಟನ್ನು ಸಂಜೆಗೆಂದು ಕಾದಿಡುವುದು ಎಷ್ಟೋ ಸುಲಭ, ಅಲ್ವಾ?

ಇವೆರಡರ ಜತೆಗೆ ಈಗ ಬ್ಯಾಟರಿಯೂ ಸೇರಿದೆ. ಪ್ಯಾನೆಲ್ ಜತೆ ಎರಡರಿಂದ ನಾಲ್ಕು ಗಂಟೆಯ ಬ್ಯಾಟರಿ ಸೇರಿಸಿದ ಯೋಜನೆಗಳಿಗೆ 2024ರ ಕೊನೆಯ ಹರಾಜುಗಳಲ್ಲಿ ಯುನಿಟ್ಟಿಗೆ 3ರಿಂದ 3.5 ರೂಪಾಯಿಯ ಆಸುಪಾಸಿನ ದರ ಬಂತು. ಸಂಜೆಯ ನಾಲ್ಕು ಗಂಟೆಗೆ ಇದು ಸಾಕು. ಇಡೀ ರಾತ್ರಿಗೆ ಸಾಲದು. ಹತ್ತು ಹನ್ನೆರಡು ಗಂಟೆ ತುಂಬಿಡಬೇಕು ಎನ್ನುವಲ್ಲಿ ಕರಗಿದ ಉಪ್ಪಿಗೆ ಇನ್ನೂ ಜಾಗ ಇದೆ. ಅದಕ್ಕೇ ರಾಜಸ್ಥಾನದಲ್ಲಿ, ಕಚ್‌ನಲ್ಲಿ ಕನ್ನಡಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿ ಎಂದು ನಾನು ಬಯಸುತ್ತೇನೆ. ಅಲ್ಲಿ ಹುಟ್ಟಿದ ರಾತ್ರಿ ಕರೆಂಟು ಗ್ರಿಡ್‌ನಲ್ಲಿ ನಮ್ಮವರೆಗೂ ಬರಬಲ್ಲದು.

ನೀರು ಮತ್ತು ಎರೆ ಭೂಮಿ

ಉಗಿಯನ್ನು ಮತ್ತೆ ನೀರು ಮಾಡಲು ತಂಪು ಬೇಕು. ಕೂಲಿಂಗ್ ಟವರ್ ಇಟ್ಟರೆ ಕನ್ನಡಿ ಸ್ಥಾವರ ಒಂದು ಯುನಿಟ್ಟಿಗೆ 3 ಲೀಟರ್‌ಗೂ ಮೇಲೆ ನೀರು ಕುಡಿಯುತ್ತದೆ, ಕಲ್ಲಿದ್ದಲು ಸ್ಥಾವರದಷ್ಟೇ. 50 ಮೆಗಾವ್ಯಾಟಿನದು ವರ್ಷಕ್ಕೆ 10 ಕೋಟಿ ಯುನಿಟ್ ಕೊಡುತ್ತದೆ ಎಂದುಕೊಂಡರೆ ನೀರು 30 ಕೋಟಿ ಲೀಟರ್. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಹುಬ್ಬಳ್ಳಿಯವರಿಗೆ, ಮಲಪ್ರಭೆಗಾಗಿ ಇಷ್ಟು ವರ್ಷ ಹೋರಾಡಿದ ನರಗುಂದ, ನವಲಗುಂದದವರಿಗೆ ಇದು ಸಣ್ಣ ಮಾತಲ್ಲ. ಗಾಳಿಯಿಂದಲೇ ತಣಿಸುವ ವ್ಯವಸ್ಥೆ ಹಾಕಿದರೆ ನೀರು ಶೇಕಡಾ 90ರಷ್ಟು ಉಳಿಯುತ್ತದೆ, ಆದರೆ ಬೇಸಿಗೆಯಲ್ಲಿ ಕರೆಂಟು ಕಡಿಮೆ, ಖರ್ಚು ಜಾಸ್ತಿ. ಪ್ಯಾನೆಲ್ಲಿಗೆ ತೊಳೆಯುವ ನೀರಷ್ಟೇ ಸಾಕು. ಕನ್ನಡಿಯನ್ನೂ ತೊಳೆಯಬೇಕು, ಇನ್ನೂ ಹೆಚ್ಚು ಸಲ. ಧೂಳಿನ ಪದರದಲ್ಲಿ ಬೆಳಕು ಚದುರಿತೆಂದರೆ ಕನ್ನಡಿಗೆ ಅದು ಪೂರ್ತಿ ನಷ್ಟ.

ನೆಲದ ವಿಷಯ ಇನ್ನೂ ಸೂಕ್ಷ್ಮ. ಸೂರ್ಯನ ಬಿಂಬ ನಮಗೆ ಕಾಣುವುದು ಬರೀ ಅರ್ಧ ಡಿಗ್ರಿ ಅಗಲ. ಕನ್ನಡಿ ಅದರ ಒಂದು ಚೂರಿನಷ್ಟು ವಾಲಿದರೂ ಬೆಳಕು ಕೊಳವೆಯನ್ನೋ ಗೋಪುರವನ್ನೋ ತಪ್ಪಿಸಿ ಹೋಗುತ್ತದೆ. ನಮ್ಮ ಎರೆ ಹೊಲದ ಗುಣ ನಿಮಗೆ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರೆ ಭೂಮಿಯಲ್ಲಿ ಕಟ್ಟಿದ ಮನೆಯ ಗೋಡೆ ಸೀಳುವುದನ್ನು ನವಲಗುಂದ, ಅಣ್ಣಿಗೇರಿ ಕಡೆ ಎಲ್ಲಿ ಬೇಕಾದರೂ ನೋಡಬಹುದು. ಅಂಥ ನೆಲದಲ್ಲಿ ಸಾವಿರಾರು ಕನ್ನಡಿಗಳನ್ನು ಕೂದಲೆಳೆಯ ಲೆಕ್ಕದಲ್ಲಿ ನಿಲ್ಲಿಸಲು ಪ್ರತಿಯೊಂದಕ್ಕೂ ಆಳದ ಅಡಿಪಾಯ ಬೇಕು. ಪ್ಯಾನೆಲ್ ಒಂದೆರಡು ಡಿಗ್ರಿ ವಾಲಿದರೆ ಏನೂ ಆಗುವುದಿಲ್ಲ.

ಜಾಗದ ಲೆಕ್ಕದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ. ಪಾವಗಡದ ಪಾರ್ಕು 2,050 ಮೆಗಾವ್ಯಾಟ್‌ಗೆ ಸುಮಾರು 13,000 ಎಕರೆ ತೆಗೆದುಕೊಂಡಿದೆ, ಮೆಗಾವ್ಯಾಟಿಗೆ ಆರು ಎಕರೆಗೂ ಸ್ವಲ್ಪ ಮೇಲೆ. ಆಂಡಸೋಲ್‌ನಂಥದ್ದಕ್ಕೆ ಹತ್ತು ಎಕರೆ. ಆದರೆ ಅದು ರಾತ್ರಿಯೂ ಓಡುವುದರಿಂದ ಎಕರೆಗೆ ಬರುವ ಯುನಿಟ್ ಒಂದೇ ಥರ. ಪಾವಗಡದಲ್ಲಿ ನನಗೆ ಹಿಡಿಸಿದ್ದು ಬೇರೆ ಸಂಗತಿ: ರೈತರ ಹೊಲವನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು. ಹೊಲ ಇಲ್ಲದೆ ಕೂಲಿಗೆ ಹೋಗುವವರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬ ಕೊರಗು ಉಳಿದಿದೆ. ನಮ್ಮ ಕಡೆ ಪಾರ್ಕು ಬಂದರೆ ಆ ಮಾತನ್ನು ಮೊದಲೇ ಬಗೆಹರಿಸಿಕೊಳ್ಳಬೇಕು.

ಕಾವನ್ನು ಕಾವಾಗಿಯೇ ಬಳಸಿದರೆ

ಕನ್ನಡಿಯ ಮೇಲೆ ಬಿದ್ದ ಬಿಸಿಲಿನಲ್ಲಿ ವರ್ಷದ ಸರಾಸರಿ ಶೇಕಡಾ 15ರಷ್ಟು ಮಾತ್ರ ಕರೆಂಟಾಗಿ ಹೊರಬರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಹೋಗುವುದು ಕಾವನ್ನು ಕರೆಂಟು ಮಾಡುವ ಹಂತದಲ್ಲೇ. ಆ ಹಂತವನ್ನೇ ಬಿಟ್ಟರೆ? ಅಡುಗೆಗೆ, ಸ್ನಾನಕ್ಕೆ, ಒಣಗಿಸಲು ನಮಗೆ ಬೇಕಾದದ್ದು ಕಾವೇ ತಾನೇ. ಮೋಡದ ತಿಂಗಳುಗಳಲ್ಲಿ ಹಳೆಯ ಒಲೆಯೋ ಬಾಯ್ಲರೋ ಜತೆಗೆ ಇರಲಿ. ವರ್ಷದ ಉಳಿದ ಎಂಟು ತಿಂಗಳ ಉರುವಲು ಉಳಿಯಿತು.

ಶಿರಡಿ ಸಂಸ್ಥಾನದ ಅಡುಗೆಮನೆಯ ತಾರಸಿಯಲ್ಲಿ 2009ರಿಂದ 73 ಡಿಶ್ ಕನ್ನಡಿಗಳಿವೆ. ಅವುಗಳ ಉಗಿಯಲ್ಲಿ ಸಾವಿರಾರು ಭಕ್ತರಿಗೆ ಅನ್ನ, ಬೇಳೆ ಬೇಯುತ್ತದೆ. ಅಬು ರೋಡ್‌ನಲ್ಲಿ ಬ್ರಹ್ಮಕುಮಾರಿಯವರು 770 ಡಿಶ್ ಇಟ್ಟು ಕಾವನ್ನು ಎರಕದ ಕಬ್ಬಿಣದಲ್ಲಿ ತುಂಬಿಡುತ್ತಾರೆ. ಅದರಿಂದ ಒಂದು ಮೆಗಾವ್ಯಾಟ್ ಕರೆಂಟೂ ಬರುತ್ತದೆ, ಅಡುಗೆಯ ಉಗಿಯೂ ಸಿಗುತ್ತದೆ. ದಾಸೋಹ ದಿನವೂ ನಡೆಯುವ ನಮ್ಮ ಮಠಗಳು, ಧಾರವಾಡದ ದೊಡ್ಡ ಹಾಸ್ಟೆಲ್‌ಗಳು, ಆಸ್ಪತ್ರೆಗಳು ಇದನ್ನು ಗಂಭೀರವಾಗಿ ನೋಡಬೇಕು. ಅನ್ನ ಬೇಯಿಸುವ ಉಗಿಗೆ 565 ಡಿಗ್ರಿ ಬೇಡ, 120ರಿಂದ 150 ಸಾಕು.

ಹಾವೇರಿಯವರಿಗೆ ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಸಿಗುವುದು ಬಣ್ಣಕ್ಕೆ. ಕಣದಲ್ಲಿ ಹರವಿ ಒಣಗಿಸುವಾಗ ಅಕಾಲದ ಒಂದು ಮಳೆ ಬಿದ್ದರೆ ಬೂಸಲು ಹಿಡಿಯುತ್ತದೆ, ಕೆಂಪು ಮಾಸುತ್ತದೆ. ಪಾರದರ್ಶಕ ಹಾಳೆ ಹೊದಿಸಿದ ಸೋಲಾರ್ ಡ್ರೈಯರ್‌ನಲ್ಲಿ ಕಾಯಿ ಧೂಳಿಗೂ ಮಳೆಗೂ ಸಿಗದೆ ಬೇಗ ಒಣಗುತ್ತದೆ. ಒಳಗಿನ ಕಾವು 60 ಡಿಗ್ರಿ ದಾಟದಂತೆ ಗಾಳಿಕಿಂಡಿ ಇರಬೇಕು, ಜಾಸ್ತಿಯಾದರೆ ಬಣ್ಣವೇ ಸುಡುತ್ತದೆ. ಒಬ್ಬ ರೈತನಿಗೆ ಇದು ಭಾರ. ಹತ್ತಾರು ರೈತರು ಸೇರಿದ ಉತ್ಪಾದಕರ ಕಂಪನಿಗೆ ತಕ್ಕದ್ದು.

ಯಾರು ಯಾವುದನ್ನು ಹಿಡಿಯಬೇಕು

ಪಂಪ್‌ಸೆಟ್ ಇರುವ ರೈತರಿಗೆ ಅನುಮಾನವೇ ಬೇಡ, ಪ್ಯಾನೆಲ್. ಏಳು ಗಂಟೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಕತ್ತಲಲ್ಲಿ ಹಾವು ಚೇಳಿನ ನಡುವೆ ನೀರು ಹಾಯಿಸಲು ಹೋಗುವ ಕಷ್ಟ ನಮ್ಮ ಮನೆಮನೆಯಲ್ಲೂ ಗೊತ್ತು. ಹಗಲೇ ನೀರು ಹಾಯಿಸುವಂತಾದರೆ ಬ್ಯಾಟರಿಯೂ ಬೇಕಿಲ್ಲ, ಉಪ್ಪೂ ಬೇಕಿಲ್ಲ. ಕುಸುಮ್ ‘ಬಿ’ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಕೇಂದ್ರ ಶೇಕಡಾ 30, ರಾಜ್ಯ 50 ಕೊಡುತ್ತದೆ, ರೈತನ ಪಾಲು 20. ಅರ್ಜಿ ಹಾಕುವ ಮೊದಲು ನಿಮ್ಮ ಬೋರಿನ ಆಳ ಎಷ್ಟು, ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಸರಿಯಾಗಿ ಹೇಳಿ. ಅದರ ಮೇಲೆಯೇ ಎಷ್ಟು ಎಚ್‌ಪಿ ಎಂದು ನಿರ್ಧಾರವಾಗುವುದು.

ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಕಾರ್ಖಾನೆಯವರು ಮೊದಲು ನಿಮ್ಮ ಬಾಯ್ಲರ್ ನೋಡಿ. ಕಟ್ಟಿಗೆ, ಡೀಸೆಲ್ ಸುಟ್ಟು 80, 90 ಡಿಗ್ರಿಯ ಬಿಸಿನೀರು ಮಾಡುತ್ತಿದ್ದರೆ ಸೌರ ಉಷ್ಣ ಅಲ್ಲಿಗೆ ಹೇಳಿ ಮಾಡಿಸಿದಂತಿದೆ. ಲೇತ್, ಮೋಟಾರ್, ಕಂಪ್ರೆಸರ್ ಮಾತ್ರ ಇದ್ದರೆ ಶೆಡ್ಡಿನ ತಗಡಿನ ಮೇಲೆ ಪ್ಯಾನೆಲ್ ಹಾಕಿ.

ಮನೆಯವರಿಗೆ ಒಂದು ಸಣ್ಣ ಲೆಕ್ಕ. 100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಗೀಸರ್‌ಗೆ ಮೂರೂವರೆ ಯುನಿಟ್ ಬೇಕು. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಸರಾಸರಿ ದಿನಕ್ಕೆ ಕೊಡುವುದು 4 ಯುನಿಟ್. ಅಂದರೆ ನಾಲ್ಕೈದು ಚದರ ಮೀಟರ್ ಪ್ಯಾನೆಲ್ ಬರೀ ಸ್ನಾನದ ನೀರಿಗೇ ಹೋಯಿತು. ಅದೇ ಕೆಲಸವನ್ನು ಸೋಲಾರ್ ವಾಟರ್ ಹೀಟರ್ ಎರಡು ಚದರ ಮೀಟರ್‌ನಲ್ಲಿ ಮಾಡುತ್ತದೆ. ಆದ್ದರಿಂದ ಐದಾರು ಜನರ ಮನೆಯಾದರೆ ಮೊದಲು ವಾಟರ್ ಹೀಟರ್, ಉಳಿದ ತಾರಸಿಗೆ ಪ್ಯಾನೆಲ್. ಶ್ರಾವಣದ ಮೋಡದಲ್ಲಿ ನೀರು ಉಗುರುಬೆಚ್ಚಗೆ ಬರುತ್ತದೆ, ಆಗ ಬಂಬವೋ ಗೀಸರೋ ಇದ್ದೇ ಇರಲಿ.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ಇದೆ. ಆದರೆ ನಿಮ್ಮ ಬಳಕೆ 200 ಯುನಿಟ್ ಒಳಗಿದ್ದು ಗೃಹಜ್ಯೋತಿಯಲ್ಲಿ ಬಿಲ್ಲೇ ಬರುತ್ತಿಲ್ಲ ಎಂದರೆ, ಪ್ಯಾನೆಲ್ ಹಾಕಿಸಿದ ದುಡ್ಡು ತಿರುಗಿ ಬರುವುದು ತಡ. ಅಂಥವರಿಗೆ ಕಟ್ಟಿಗೆ, ಗ್ಯಾಸ್ ಉಳಿಸುವ ವಾಟರ್ ಹೀಟರ್ ಮೊದಲು. ತಿಂಗಳಿಗೆ 300 ಯುನಿಟ್ ದಾಟುವವರು ಹೆಸ್ಕಾಂ ಕಚೇರಿಗೆ ಹೋಗಿ ನೆಟ್ ಮೀಟರ್ (ನೀವು ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಯುನಿಟ್ ಎರಡನ್ನೂ ಅಳೆಯುವ ಮೀಟರ್) ವಿಚಾರಿಸಿ.

ಹೀಟರ್ ಕೊಳ್ಳುವಾಗ ನೀರು ಯಾವುದು ಎಂದು ಅಂಗಡಿಯವರಿಗೆ ಹೇಳಲೇಬೇಕು. ಮಲಪ್ರಭೆಯ ನಲ್ಲಿ ನೀರಾದರೆ ಗಾಜಿನ ಟ್ಯೂಬಿನದು ನಡೆಯುತ್ತದೆ, ಅಗ್ಗವೂ ಹೌದು. ಗಡಸು ಬೋರ್ ನೀರಾದರೆ ಟ್ಯೂಬಿನೊಳಗೆ ಬಿಳಿ ಸುಣ್ಣ ಕಟ್ಟಿ ಒಂದೆರಡು ವರ್ಷದಲ್ಲಿ ಕಾವು ಏರುವುದೇ ಕಡಿಮೆಯಾಗುತ್ತದೆ. ಆಗ ಹೀಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಕಾವು ಮಾತ್ರ ದಾಟಿಸುವ ವ್ಯವಸ್ಥೆ) ಇರುವ, ಚಪ್ಪಟೆ ಫಲಕದ ‘ಫ್ಲಾಟ್ ಪ್ಲೇಟ್’ ಹೀಟರ್ ಕೇಳಿ. ಬೆಲೆ ಜಾಸ್ತಿ, ಆದರೆ ಬೋರ್ ನೀರು ಕಲೆಕ್ಟರ್, ಅಂದರೆ ಬಿಸಿಲು ಹಿಡಿಯುವ ಫಲಕದ ಒಳಗೆ ಹೋಗುವುದೇ ಇಲ್ಲ. ಕಲೆಕ್ಟರ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ತಣ್ಣೀರಿನ ಟ್ಯಾಂಕು ಹೀಟರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಬಿಸಿನೀರಿನ ಪೈಪಿಗೆ ಬಚ್ಚಲಿನವರೆಗೂ ಹೊದಿಕೆ ಸುತ್ತಿಸಬೇಕು.